ಎಣಿಸದೆ ಬಿಟ್ಟ ಒಂದು ಸೈಕಲ್

ಬೆಳಗಿನ ಆರು ಗಂಟೆಗೆ ಇನ್ನೂ ಎರಡು ನಿಮಿಷವಿದೆ. ಬೇಕರಿಯ ಎದುರಿನ ದೀಪದ ಕಂಬದ ಬುಡದಲ್ಲಿ ಒಬ್ಬರು ನೀಲಿ ಪ್ಲಾಸ್ಟಿಕ್ ಸ್ಟೂಲನ್ನು ಮೂರು ಸಲ ಅತ್ತಿತ್ತ ಸರಿಸಿ, ನಾಲ್ಕನೇ ಸಲಕ್ಕೆ ಮೊದಲಿದ್ದ ಜಾಗಕ್ಕೇ ತಂದಿಟ್ಟು ಕೂರುತ್ತಾರೆ. ಬಲ ಮುಷ್ಟಿಯಲ್ಲಿ ಒಂದು ಪುಟ್ಟ ಉಕ್ಕಿನ ಡಬ್ಬಿ. ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಅದು ‘ಟಿಕ್’ ಎನ್ನುತ್ತದೆ, ಕಿಟಕಿಯಲ್ಲಿ ಅಂಕಿ ಒಂದು ಹೆಚ್ಚುತ್ತದೆ. ರಸ್ತೆಯಂಚಿಗೆ ಬಳಿದ ಹಸಿರು ಪಟ್ಟಿಯ ಮೇಲೆ ದಿನದ ಮೊದಲ ಸೈಕಲ್ ಬರುತ್ತದೆ, ಹಾಲಿನವನದು. ಟಿಕ್. ಹಿಂದೆಯೇ ಹೆಗಲಿಗೆ ಏಣಿ ಸಿಕ್ಕಿಸಿಕೊಂಡ ಬಣ್ಣದ ಕೆಲಸದವನು. ಟಿಕ್. ಮೂರನೆಯವನು ಪಂಕ್ಚರ್ ಆದ ಸೈಕಲನ್ನು ತಳ್ಳಿಕೊಂಡು ಬರುತ್ತಾನೆ. ಬಲಗೈ ಸುಮ್ಮನಿದೆ. ತಳ್ಳುವವನು ಪಾದಚಾರಿಯಂತೆ, ಅವನ ಲೆಕ್ಕ ಎಡಗೈಯಲ್ಲಿರುವ ಇನ್ನೊಂದು ಡಬ್ಬಿಗೆ.

ಆರು ನಲವತ್ತಕ್ಕೆ ಬೂದು ಹೆಲ್ಮೆಟ್ಟಿನ ಮಹಿಳೆಯೊಬ್ಬರು ಬರುತ್ತಾರೆ. ಮೂರು ಸಲ ಬೆಲ್ ಹೊಡೆದು, ಸ್ಟೂಲಿನ ಎದುರು ಒಂದು ಕಾಲು ನೆಲಕ್ಕೂರಿ ನಿಂತು, ಇವರ ಹೆಬ್ಬೆರಳನ್ನೇ ದಿಟ್ಟಿಸುತ್ತಾರೆ. ಟಿಕ್. ಅದು ಸಾಲದೆಂಬಂತೆ ಇವರು ಡಬ್ಬಿಯನ್ನು ಎತ್ತಿ ಅಂಕಿಯನ್ನೂ ತೋರಿಸಬೇಕು. ನೋಡಿ, ತಲೆಯಾಡಿಸಿ ಆಕೆ ಹೊರಟುಹೋಗುತ್ತಾರೆ. ಯಾರವರು ಎಂದು ಕೇಳಿದರೆ ಇವರ ಕಿವಿ ಕೆಂಪಾಗುತ್ತದೆ. “ಆಮೇಲೆ ಹೇಳ್ತೀನಿ,” ಎನ್ನುತ್ತಾರೆ.

ಇವರು ನಗರ ಯೋಜನಾ ಕಚೇರಿಯ ಎಣಿಕೆದಾರರು. ಬೀದಿಯವರಿಗೆ ಟಿಕ್ಕಣ್ಣ. ಯಾವ ರಸ್ತೆ ಅಗಲವಾಗಬೇಕು, ಎಲ್ಲಿ ಬಸ್ ನಿಲ್ಲಬೇಕು, ಎಲ್ಲಿ ಜನ ನೆಮ್ಮದಿಯಾಗಿ ನಡೆಯಬೇಕು ಎಂದು ದೊಡ್ಡವರು ದೊಡ್ಡ ಮೇಜಿನ ಸುತ್ತ ಕೂತು ತೀರ್ಮಾನಿಸುವ ಮೊದಲು, ಇವರು ರಸ್ತೆಯ ಬದಿಯಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂತು ಎಣಿಸಿರುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ನಗರದ ‘ಸುಸ್ಥಿರ ಸಂಚಾರ ನೀತಿ’ಗೆ ನಲವತ್ತನಾಲ್ಕು ಪುಟದ ನುಣುಪು ಕಾಗದದ ಪುಸ್ತಿಕೆ ಇದೆ. ಅದರ ತುಂಬ ಹಸಿರು ಬಾಣಗಳು, ನಗುವ ಕುಟುಂಬಗಳು. ಆ ಬಾಣಗಳೆಲ್ಲ ಹೊರಡುವುದು ಈ ಒಂದು ಹೆಬ್ಬೆರಳಿನಿಂದ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಕೂತಲ್ಲೇ ಕೆಲಸ, ಇದರಲ್ಲೇನು ಕಷ್ಟ ಎನ್ನುವವರು ಒಂದು ದಿನ ಕೂತು ನೋಡಬೇಕು. ನೆರಳಿಲ್ಲ. ಮಳೆ ಬಂದರೆ ಕೊಡೆ ಹಿಡಿಯಲು ಕೈ ಖಾಲಿ ಇಲ್ಲ. ಊಟಕ್ಕೆ ಮಾತ್ರ ಒಂದು ಗಂಟೆ ಬದಲಿ ಎಣಿಕೆದಾರ ಬರುತ್ತಾನೆ. “ನೀರನ್ನೂ ಲೆಕ್ಕ ಹಾಕ್ಕೊಂಡೇ ಕುಡೀಬೇಕು ಸಾರ್. ಮಧ್ಯದಲ್ಲಿ ಎದ್ದು ಹೋದ್ರೆ ಎಂಟು ಸೈಕಲ್ ಹೋಗ್ಬಿಡ್ತವೆ.” ಚಾಳಿ ಮನೆಯವರೆಗೂ ಹೋಗಿದೆ. ಸಂಬಂಧಿಕರ ಮದುವೆಗೆ ಹೋಗಿಬಂದು ಹುಡುಗಿ ಹೇಗಿದ್ದಳು ಎಂದರೆ, ಮುನ್ನೂರ ಹನ್ನೆರಡು ಜನ ಬಂದಿದ್ದರು ಎಂದರಂತೆ. ನನ್ನ ಕೈ ಕುಲುಕುವಾಗಲೂ ಅವರ ಹೆಬ್ಬೆರಳು ಮೆಲ್ಲಗೆ ಒತ್ತಿತು. ನಾನೂ ಯಾವುದೋ ಲೆಕ್ಕಕ್ಕೆ ಸೇರಿರಬೇಕು.

ಈ ಕಾಲದಲ್ಲಿ ಕ್ಯಾಮೆರಾ ಇಲ್ಲವೇ ಎಂದು ನೀವು ಕೇಳಬಹುದು. ಇತ್ತು. ಕಂಬಕ್ಕೆ ಒಂದನ್ನು ಕಟ್ಟಿ, ತಾನೇ ಎಣಿಸಿಕೊಳ್ಳುತ್ತದೆಂದು ಹೇಳಿ, ಟಿಕ್ಕಣ್ಣನನ್ನು ಮನೆಗೆ ಕಳಿಸಿದ್ದರು. ಮೊದಲನೇ ದಿನವೇ ಅದು ಒಂಬತ್ತು ಸಾವಿರ ಸೈಕಲ್ ಎಣಿಸಿ ಕಚೇರಿಯಲ್ಲಿ ಹಬ್ಬದ ವಾತಾವರಣ ತಂದಿತು. ಆಮೇಲೆ ನೋಡಿದರೆ ಬೇಕರಿಯ ಬ್ಯಾನರ್ ಗಾಳಿಗೆ ಅಲ್ಲಾಡಿದಾಗಲೆಲ್ಲ ಅದೊಂದು ಸೈಕಲ್ ಆಗಿತ್ತು. ಮಾರನೇ ದಿನ ಸ್ಟೂಲು ವಾಪಸ್ ಬಂತು.

ಟಿಕ್ಕಣ್ಣ ಈ ಬೀದಿಗೆ ಬಂದದ್ದು ಒಂದು ಪರೀಕ್ಷೆಗಾಗಿ. ಬೀದಿಯ ಒಂದು ಅಂಚಿನಲ್ಲಿ ಕಾರು ನಿಲ್ಲಿಸುವುದನ್ನು ತಪ್ಪಿಸಿ, ಆ ಜಾಗಕ್ಕೆ ಹಸಿರು ಬಳಿದು, ಆರು ತಿಂಗಳ ಮಟ್ಟಿಗೆ ಸೈಕಲ್ ಪಥ ಮಾಡಿದ್ದರು. ಕೊನೆಯ ವಾರದ ಏಳು ದಿನಗಳಲ್ಲಿ ಒಟ್ಟು ನಾಲ್ಕು ಸಾವಿರದ ಇನ್ನೂರು ಸೈಕಲ್ ಹಾದುಹೋದರೆ ಪಥ ಉಳಿಯುತ್ತದೆ, ಒಂದು ಕಡಿಮೆಯಾದರೂ ಕಾರುಗಳು ಮರಳಿ ಬರುತ್ತವೆ. ಬೇಕರಿಯ ಯಜಮಾನರಿಗೆ ಕಾರುಗಳೇ ಬೇಕಿತ್ತು. ತಮ್ಮ ಗಿರಾಕಿಗಳೆಲ್ಲ ನಾಲ್ಕು ಚಕ್ರದವರೆಂದು ಅವರು ಕಚೇರಿಗೆ ಆಕ್ಷೇಪಣೆಯನ್ನೂ ಸಲ್ಲಿಸಿದ್ದರು. ಬೀದಿಯ ಕೊನೆಯ ಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಪಥವೇ ಬೇಕಿತ್ತು. ಅವರದು ಮೂರು ಚಕ್ರದ ಸೈಕಲ್, ಮುಂದೆ ಬುಟ್ಟಿ, ಬುಟ್ಟಿಯಲ್ಲಿ ನೀತಿಯ ಪುಸ್ತಿಕೆ.

ಮೂರನೆಯವರು ಟಿಕ್ಕಣ್ಣನ ಹೆಂಡತಿ. ಹೌದು, ಬೂದು ಹೆಲ್ಮೆಟ್ಟಿನವರೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಮೊದಲು ಎರಡು ಬಸ್ ಬದಲಿಸಿ ಒಂದೂವರೆ ಗಂಟೆ ಹೋಗುತ್ತಿದ್ದರು. ಹಸಿರು ಪಟ್ಟಿ ಬಂದ ತಿಂಗಳಲ್ಲೇ, ಐವತ್ತೊಂದನೇ ವಯಸ್ಸಿನಲ್ಲಿ ಬಿದ್ದು ಎದ್ದು ಸೈಕಲ್ ಕಲಿತರು. ಈಗ ಇಪ್ಪತ್ತೈದು ನಿಮಿಷ. ಪಟ್ಟಿ ಹೋದರೆ ಲಾರಿಗಳ ನಡುವೆ ನುಗ್ಗುವ ಧೈರ್ಯ ಅವರಿಗಿಲ್ಲ, ಮತ್ತೆ ಆ ಎರಡು ಬಸ್ಸುಗಳೇ ಗತಿ.

ಕೊನೆಯ ವಾರದಲ್ಲಿ ಬೀದಿಗೆ ಬೀದಿಯೇ ಟಿಕ್ಕಣ್ಣನ ಬೆನ್ನು ಹತ್ತಿತು. ಬೇಕರಿಯವರು ಗಳಿಗೆಗೊಮ್ಮೆ ಬಿಸ್ಕೆಟ್ ತಂದು, ಮಾತಿಗೆಳೆದು, ಕಣ್ಣು ರಸ್ತೆಯಿಂದ ಆಚೆ ಸರಿಯುವಂತೆ ನೋಡಿಕೊಂಡರು. ಟಿಕ್ಕಣ್ಣ ಬಿಸ್ಕೆಟ್ ತಿಂದರು, ಕಣ್ಣು ಸರಿಸಲಿಲ್ಲ. ಮುಖ್ಯೋಪಾಧ್ಯಾಯಿನಿ ಒಂದೇ ಬೆಳಿಗ್ಗೆ ಹದಿನಾಲ್ಕು ಸುತ್ತು ಹೊಡೆದರು. ಅರ್ಧ ಗಂಟೆಯೊಳಗೆ ಅದೇ ವ್ಯಕ್ತಿ ಮರಳಿ ಬಂದರೆ ಒಂದೇ ಲೆಕ್ಕ ಎಂದು ಟಿಕ್ಕಣ್ಣ ವಿನಯದಿಂದ ತಿಳಿಸಿದರು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಪೈಕಿ ಆಕೆ. ಅಲ್ಲಿಂದ ಮುಂದೆ ಗಡಿಯಾರ ನೋಡಿಕೊಂಡು ಮೂವತ್ತೊಂದು ನಿಮಿಷಕ್ಕೊಮ್ಮೆ ಬಂದರು. ಎಣಿಸದೆ ವಿಧಿಯಿರಲಿಲ್ಲ.

ಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಮಾತು. ಅದನ್ನು ಟಿಕ್ಕಣ್ಣನೇ ಹೇಳುತ್ತಾರೆ: “ನಾಲ್ಕು ಸಲ ಜಾಸ್ತಿ ಒತ್ತಿದ್ರೆ ನಿಮ್ಮ ಬೆರಳೇನು ಸವೆದುಹೋಗುತ್ತಾ ಅಂದ್ಲು. ಆಗಲ್ಲ ಅಂದೆ. ಒಂದು ಸಲ ಸುಳ್ಳು ಒತ್ತಿದ್ರೆ ಇಪ್ಪತ್ತಾರು ವರ್ಷದ್ದೂ ಸುಳ್ಳಾಗುತ್ತೆ ಅಂದೆ.” ಎರಡು ದಿನ ಮನೆಯಲ್ಲಿ ಮಾತು ಬಂದ್.

ಕೊನೆಯ ದಿನ ಸಂಜೆ ಆರಕ್ಕೆ ಸ್ಟೂಲಿನ ಸುತ್ತ ಎಲ್ಲರೂ ಸೇರಿದರು. ಟಿಕ್ಕಣ್ಣ ಎರಡೆರಡು ಸಲ ಕೂಡಿದರು. ನಾಲ್ಕು ಸಾವಿರದ ನೂರ ತೊಂಬತ್ತೊಂದು. ಒಂಬತ್ತು ಕಡಿಮೆ. ಬೇಕರಿಯವರು ಸಂತೋಷವನ್ನು ಮರ್ಯಾದೆಗಾಗಿ ಬಾಯಿಯೊಳಗೇ ಇಟ್ಟುಕೊಂಡರು. ಹೆಂಡತಿ ಹೆಲ್ಮೆಟ್ ತೆಗೆದು ಸೈಕಲ್ಲಿನ ಸೀಟನ್ನು ಸುಮ್ಮನೆ ಒರೆಸುತ್ತಾ ನಿಂತರು. ಮುಖ್ಯೋಪಾಧ್ಯಾಯಿನಿ ಅವರ ಭುಜ ತಟ್ಟಿ, ಬೇಜಾರು ಮಾಡಿಕೊಳ್ಳಬೇಡ, ಹೋಗಿ ಬಂದು ದಿನಕ್ಕೆರಡರಂತೆ ಆರು ದಿನ, ನಿನ್ನ ಹನ್ನೆರಡು ಅಂತೂ ಸೇರಿದೆಯಲ್ಲ ಎಂದರು.

“ಇವಳದ್ದು ಸೇರಿಲ್ಲ,” ಎಂದರು ಟಿಕ್ಕಣ್ಣ, ಹವಾಮಾನ ಹೇಳುವಷ್ಟು ಸಹಜವಾಗಿ. “ಸ್ವಂತದವಳು. ಪಕ್ಷಪಾತ ಆಗುತ್ತೆ ಅಂತ ಮೊದಲನೇ ದಿನದಿಂದಲೂ ಎಣಿಸಿಲ್ಲ.”

ಆಮೇಲೆ ಅಲ್ಲಿ ನಡೆದದ್ದನ್ನು ಬೇಕರಿಯವರು ಈಗಲೂ ನಟಿಸಿ ತೋರಿಸುತ್ತಾರೆ. ಹೆಂಡತಿ ಸೈಕಲ್ ಸ್ಟ್ಯಾಂಡ್ ಹಾಕಿದರಂತೆ. ಸೆರಗು ಸಿಕ್ಕಿಸಿದರಂತೆ. ದನಿ ಏರಿಸಲೇ ಇಲ್ಲವಂತೆ. “ಆರು ತಿಂಗಳಿಂದ ನಿಮ್ಮ ಮೂಗಿನ ಮುಂದೇನೇ ಬೆಲ್ ಹೊಡ್ಕೊಂಡು ಹೋಗ್ತಿದೀನಿ. ನಾನೇನು ಗಾಳೀನಾ? ಈ ಬ್ಯಾನರ್ ಕೂಡ ಸೈಕಲ್ ಆಯ್ತಲ್ರೀ, ನಾನು ಆಗ್ಲಿಲ್ವಾ?”

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತಿದೆ. ಅದನ್ನು ಕಟ್ಟಿಕೊಂಡ ಹೆಂಡತಿಗೇ ಅನ್ವಯಿಸಿದ ಪ್ರಾಮಾಣಿಕ ಇವರೊಬ್ಬರೇ ಇರಬೇಕು. ಮುಖ್ಯೋಪಾಧ್ಯಾಯಿನಿ ಬುಟ್ಟಿಯಿಂದ ಪುಸ್ತಿಕೆ ತೆಗೆದು ನಲವತ್ತನಾಲ್ಕು ಪುಟವನ್ನೂ ಅಲ್ಲೇ ನಿಂತು ಜಾಲಾಡಿದರು. ಬಂಧುಗಳನ್ನು ಬಿಡಬೇಕೆಂದು ಎಲ್ಲೂ ಇರಲಿಲ್ಲ. ಅಂದರೆ ಟಿಕ್ಕಣ್ಣನ ಎಣಿಕೆ ತಪ್ಪು. ತಿದ್ದಲು ಏಳು ದಿನದ ಅವಕಾಶವಿತ್ತು, ಆದರೆ ಪಥವನ್ನು ವಿರೋಧಿಸಿದವರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕಿತ್ತು. ಎಲ್ಲರೂ ಬೇಕರಿಯವರ ಕಡೆ ತಿರುಗಿದರು.

ಅವರು ತುಂಬ ಹೊತ್ತು ಗಲ್ಲ ಕೆರೆದುಕೊಂಡರಂತೆ. ಕೊನೆಗೆ ಅವರು ಹೇಳಿದ್ದು ಇದು: “ಪಟ್ಟಿ ಮೇಲೆ ವ್ಯಾನ್ ಯಾಕೆ ನಿಲ್ಸಿದೀರಾ ಅಂತ ದಿನಾ ಬೆಳಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಈ ಅಮ್ಮನ ಕೈಲಿ ಬೈಸ್ಕೊಂಡಿದೀನಿ. ಬಂದಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?” ಸಹಿ ಹಾಕಿದರು. ಹಾಗೆ ಹಾಕಿದ ದಿನ ಅವರಿಗೆ ಊಟ ಸೇರಲಿಲ್ಲವಂತೆ, ಆದರೂ ಹಾಕಿದರು. ಇವರ ಬಗೆಗೂ ಒಂದು ಲೇಖನ ಬರೆಯಬೇಕು.

ಟಿಕ್ಕಣ್ಣನಿಗೆ ಕಷ್ಟವಾದದ್ದು ಸಹಿಯಲ್ಲ, ಪತ್ರ. “‘ನನ್ನ ಎಣಿಕೆ ತಪ್ಪಿದೆ’ ಅಂತ ಬರೆಯೋಕೆ ಮೂರು ಹಾಳೆ ಹರಿದೆ ಸಾರ್. ಇಷ್ಟು ವರ್ಷದಲ್ಲಿ ನಂಗೆ ಇದ್ದಿದ್ದು ಅದೊಂದೇ, ಲೆಕ್ಕ ತಪ್ಪಿಲ್ಲ ಅನ್ನೋದು.” ನಾಲ್ಕನೇ ಹಾಳೆಯನ್ನು ಹೆಂಡತಿ ಪಕ್ಕದಲ್ಲೇ ಕೂತು ಬರೆಸಿದರು. ಒಟ್ಟು ನಾಲ್ಕು ಸಾವಿರದ ಇನ್ನೂರ ಮೂರು. ಪಥ ಉಳಿಯಿತು, ಅದರ ಎಣಿಕೆಯೂ ಮುಂದುವರಿಯಿತು. ಪುಸ್ತಿಕೆಗೆ ಈಗ ನಲವತ್ತೈದನೇ ಪುಟ ಸೇರಿದೆ. ಅದರಲ್ಲಿರುವುದು ಒಂದೇ ಸಾಲು: ‘ಎಣಿಕೆದಾರರ ಕುಟುಂಬದವರನ್ನೂ ಎಣಿಸತಕ್ಕದ್ದು.’ ನಗರದ ನೀತಿಯಲ್ಲಿ ಒಬ್ಬ ಹೆಂಗಸಿನ ಸಿಟ್ಟು ಇಷ್ಟು ಬೇಗ ಅಚ್ಚಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆಯ ಐದಾಗುತ್ತಿದೆ. ಮುಂದೇನು ಆಸೆ ಎಂದು ಕೇಳುತ್ತೇನೆ. ಪಿಂಚಣಿ, ಸೂರು, ಒಂದು ಸನ್ಮಾನ ಎಂದೆಲ್ಲ ನಿರೀಕ್ಷಿಸಿ ಪೆನ್ನು ಹಿಡಿದಿದ್ದೇನೆ. ಇವರು ನಾಚುತ್ತಾರೆ. ಇಷ್ಟೊಂದು ಸೈಕಲ್ ಎಣಿಸಿದ ಮನುಷ್ಯನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ! ರಜೆಯ ದಿನ ಆಸ್ಪತ್ರೆಯ ಹಿಂದಿನ ಖಾಲಿ ಅಂಗಳದಲ್ಲಿ ಹೆಂಡತಿ ಕಲಿಸುತ್ತಿದ್ದಾರೆ. “ಒಂದೇ ಒಂದು ದಿನ ರಜೆ ಹಾಕಿ ಈ ಪಟ್ಟಿ ಮೇಲೆ ಹೋಗ್ಬೇಕು ಸಾರ್. ಆ ಬದಲಿ ಹುಡುಗ ಇಲ್ಲಿ ಕೂತು ನನ್ನನ್ನ ಎಣಿಸ್ಬೇಕು. ನಾನೂ ಒಂದು ಟಿಕ್ ಆಗ್ಬೇಕು.”

ಐದು ಹತ್ತಕ್ಕೆ ಸರಿಯಾಗಿ ಬೂದು ಹೆಲ್ಮೆಟ್ ಬರುತ್ತದೆ. ಮೂರು ಬೆಲ್. ಟಿಕ್. ಅಂಕಿಯ ಪ್ರದರ್ಶನ. ಕಲಿಕೆ ಎಲ್ಲಿಯವರೆಗೆ ಬಂತು ಎಂದು ನಾನು ಟಿಕ್ಕಣ್ಣನನ್ನೇ ಕೇಳುತ್ತೇನೆ. ಪರವಾಗಿಲ್ಲ, ಮೊನ್ನೆ ಹನ್ನೊಂದು ಸಲ ಬಿದ್ದೆ ಅಷ್ಟೆ ಎನ್ನುತ್ತಾರೆ.

“ಹದಿಮೂರು,” ಎನ್ನುತ್ತಾರೆ ಹೆಂಡತಿ, ಪೆಡಲಿನ ಮೇಲೆ ಕಾಲಿಡುತ್ತಾ. “ನಾನು ಸ್ವಂತದವ್ರನ್ನೂ ಎಣಿಸ್ತೀನಿ.”