ಬಾಗಿಲ ಹಿಂದಿನ ಮೂರು ಗೆರೆ

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾಸಿಕ್ ರೋಡಿನಲ್ಲಿ ನಾನು ಅಣಕಿಸದ ಜೀವ ಉಳಿದಿರಲಿಲ್ಲ. ಸ್ಟೇಷನ್ನಿನ ಅನೌನ್ಸರನ ಮೂಗು, ಮನೆಮಾಲೀಕನ ಕೆಮ್ಮು, ಎದುರುಮನೆಯ ಮರಾಠಿ ಹೆಂಗಸು ಹಾಲಿನವನೊಡನೆ ಜಗಳಾಡುವ ರಾಗ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನನ್ನ ಸ್ವಂತ ದನಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಆ ವರ್ಷ ಬಸವ ಜಯಂತಿಗೆ ಬೀದರ, ಕಲಬುರ್ಗಿ ಕಡೆಯ ಮನೆಗಳವರೆಲ್ಲ ಸೇರಿದಾಗ ನಮ್ಮಪ್ಪನನ್ನೇ ಮಾಡಿ ತೋರಿಸಿದೆ. ಅಪ್ಪ ಬ್ಯಾಂಕಿನಲ್ಲಿದ್ದರು. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಹಣೆಗೆ ವಿಭೂತಿ ಎಳೆದುಕೊಂಡು, ಬೆರಳಿಗೆ ಉಳಿದದ್ದನ್ನು ಬಾಗಿಲ ಹಿಂದಿನ ಗೋಡೆಗೆ ಒರೆಸುವರು. ಒರೆಸಿ, ಅವ್ವ ನೋಡಿದಳೋ ಎಂದು ಕಳ್ಳನಂತೆ ತಿರುಗುವರು. ಆ ತಿರುಗುವುದನ್ನು ಎಷ್ಟು ಚೆನ್ನಾಗಿ ಮಾಡಿದೆನೆಂದರೆ ಅತಿಥಿಯಾಗಿ ಬಂದಿದ್ದ ಅವರ ಬ್ಯಾಂಕಿನ ಮ್ಯಾನೇಜರು ಮೈಮೇಲೆ ಚಹಾ ಚೆಲ್ಲಿಕೊಂಡು ನಕ್ಕರು. ಅಪ್ಪ ನಗಲಿಲ್ಲ. ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ನಾನು ಎದುರಿಗೇ ಕೂತಿದ್ದರೂ ಅವ್ವನಿಗೆ ಹೇಳುವರು: “ಅವಗ ಹೇಳು, ಹಿಟ್ಟು ಬೀಸಿಕೊಂಡು ಬಾ ಅಂತ.”

ಮಾತಿಲ್ಲದ ಮನೆಯಲ್ಲಿ ಅಣಕಿಸಲು ಸರಕೇ ಸಿಗದು. ಹಳೆಯ ಕ್ಯಾಮೆರಾ ಒಂದನ್ನು ಹಿಡಿದು ಕಲಾವಿದನಾದೆ. ಅದೂ ಅಮೂರ್ತ ಕಲಾವಿದ! ಅಂಬಡ್‌ನ ಕಾರ್ಖಾನೆ ಗೇಟಿನ ತುಕ್ಕು, ರಸ್ತೆಯ ಆಯಿಲ್ ಕಲೆ, ಹರಿದ ಪೋಸ್ಟರು, ಎಲ್ಲವನ್ನೂ ಕಪ್ಪು-ಬಿಳುಪಿನಲ್ಲಿ, ಮೂಗು ತಾಗುವಷ್ಟು ಹತ್ತಿರದಿಂದ ತೆಗೆದೆ. ವಿದೇಶಿ ಪತ್ರಿಕೆಗಳಲ್ಲಿ ಹಾಗೇ ಇರುತ್ತಿತ್ತು.

“ಮಂದೀದು ತೆಗಿಯೋ,” ಎನ್ನುತ್ತಿದ್ದಳು ಅವ್ವ. “ತುಕ್ಕಿಗಿ ಯಾರು ಹೆಣ್ಣು ಕೊಡ್ತಾರ?”

ಅಷ್ಟರಲ್ಲಿ ಅಪ್ಪನಿಗೆ ಔರಂಗಾಬಾದಿಗೆ, ಅಂದರೆ ಈಗಿನ ಸಂಭಾಜಿನಗರಕ್ಕೆ, ವರ್ಗವಾಯಿತು. ಸಾಮಾನು ಲಾರಿಗೇರಿಸುವ ದಿನ ರೀಲಿನಲ್ಲಿ ಒಂದು ಫ್ರೇಮ್ ಉಳಿದಿತ್ತು. ದಂಡವಾಗಬಾರದೆಂದು ಬಾಗಿಲ ಹಿಂದಿನ ಗೋಡೆಯನ್ನೇ ತೆಗೆದೆ. ಹಸಿರು ಡಿಸ್ಟೆಂಪರಿನ ಮೇಲೆ ವರ್ಷಗಟ್ಟಲೆಯ ವಿಭೂತಿ, ಒಂದರ ಮೇಲೊಂದು ಮೂರು ಮೂರು ಗೆರೆ.

ಹೊಸ ಊರಿನ ಕ್ಯಾಮೆರಾ ಕ್ಲಬ್ಬಿನ ಪ್ರದರ್ಶನಕ್ಕೆ ಚಿತ್ರ ಆರಿಸುವ ಹಿರಿಯರೊಬ್ಬರು ನನ್ನ ಕಟ್ಟನ್ನು ಇಸ್ಪೀಟಿನೆಲೆಯಂತೆ ಹಾಕುತ್ತ ಹೋದರು. “ಯೇ ದೇಖಾ ಹೈ. ಯೇ ಭೀ ದೇಖಾ ಹೈ. ಬೇಟಾ, ಸಬ್ ನಕಲ್.” ಎಲ್ಲ ಕಂಡದ್ದೇ, ಎಲ್ಲ ನಕಲು! ತುಕ್ಕನ್ನು ಕೂಡ ನಾನು ಮಿಮಿಕ್ರಿ ಮಾಡಿದ್ದೆ! ಕೊನೆಗೆ ಗೋಡೆ ಬಂತು. ಕೈ ನಿಂತಿತು. “ಯೇ ಕ್ಯಾ ಹೈ?” ಅಪ್ಪನ ಬೆರಳು ಎನ್ನಲು ಬಾಯಿ ಬರಲಿಲ್ಲ. “ಅಮೂರ್ತ್,” ಎಂದೆ. ಅದೊಂದನ್ನೇ ಇಟ್ಟುಕೊಂಡರು.

ಖುಷಿಗಿಂತ ಹೆದರಿಕೆ ದೊಡ್ಡದಾಯಿತು. ಅಪ್ಪನ ಅದೇ ಕಳ್ಳತನವನ್ನು ಮತ್ತೊಮ್ಮೆ ಊರ ಮುಂದೆ ಇಟ್ಟಿದ್ದೆ, ಈ ಸಲ ಗಾಜು, ಕಟ್ಟು ಹಾಕಿಸಿ. ಅವರು ನೋಡಿದರೆ ಇನ್ನು ಜನ್ಮಕ್ಕೆ ಮಾತಿಲ್ಲ. ವಾಪಸು ತರಬಹುದಿತ್ತು, ಆದರೆ ಚಿತ್ರದ ಕೆಳಗೆ ಹೆಸರು ಬರುವ ಆಸೆ ಬಿಡಬೇಕಲ್ಲ! ಅಮೂರ್ತ ಯಾರಿಗೆ ತಿಳಿಯುತ್ತದೆ ಎಂದು ಧೈರ್ಯ ತಂದುಕೊಂಡೆ.

ಪ್ರದರ್ಶನದ ದಿನ ಇಬ್ಬರು ಕಾಲೇಜು ಹುಡುಗಿಯರಿಗೆ ಆ ಹಿರಿಯರ ದನಿಯಲ್ಲೇ ಹಿಂದಿಯಲ್ಲಿ ಕೊರೆಯುತ್ತಿದ್ದೆ: “ಇಲ್ಲಿ… ವಸ್ತು ಇಲ್ಲ. ವಸ್ತುವಿನ… ಗೈರುಹಾಜರಿ ಇದೆ.”

“ಅಯ್ಯ, ಇದು ನಾಸಿಕದಾಗಿನ ನಮ್ಮ ಗ್ವಾಡಿ ಅಲ್ಲೇನ್ರೀ?”

ಬೆನ್ನ ಹಿಂದೆ, ನಾನು ಹೇಳದಿದ್ದರೂ ಬಂದಿದ್ದ ಅವ್ವ. ಪಕ್ಕದಲ್ಲಿ ಅಪ್ಪ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮೂರು ಬೆರಳು ಎತ್ತಿ ಗಾಜಿನ ಮುಂದೆ ಗೆರೆಗಳಿಗೆ ಹೊಂದಿಸಿ ನೋಡಿದರು. ಆಮೇಲೆ ಕೈ ಹಿಂದೆ ಕಟ್ಟಿ, ಗದ್ದ ಎತ್ತಿ, ಅರೆಗಣ್ಣು ಮಾಡಿ, ಅವ್ವನಿಗೆ ಹೇಳಿದರು: “ಇಲ್ಲಿ… ಗ್ವಾಡಿ ಇಲ್ಲ. ಗ್ವಾಡಿದು… ಗೈರುಹಾಜರಿ ಅದ.”

ಥೇಟ್ ನಾನು! ಮಾತಿನ ನಡುವೆ ಅಷ್ಟು ಅಸಹ್ಯವಾಗಿ ನಿಲ್ಲುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಹುಡುಗಿಯರೂ ನಕ್ಕರು, ಅದು ನನ್ನ ಅಣಕವೆಂದು ತಿಳಿಯಲು ಅವರಿಗೆ ಕನ್ನಡ ಬೇಕಿರಲಿಲ್ಲ.

ಅಪ್ಪ ತಿರುಗಿದ್ದು ನನ್ನತ್ತ, ಅವ್ವನತ್ತ ಅಲ್ಲ.

“ನಕ್ಕರಲ್ಲ ಮಂದಿ. ಹೆಂಗನಸ್ತದ?”

“ಮನಸ್ಸಿಗಿ ಸೇರಲಿಲ್ರಿ ಅಪ್ಪಾ.”

“ಹ್ಞಾಂ.” ಮತ್ತೊಮ್ಮೆ ಗಾಜಿನ ಹತ್ತಿರ ಬಗ್ಗಿದರು. “ಫೋಟೋ ಛಲೋ ಬಂದದ.”

ಮರುದಿನ ಬೆಳಿಗ್ಗೆ ಹೊಸ ಮನೆಯ ಬಾಗಿಲ ಹಿಂದೆ ಮೂರು ಬಿಳಿ ಗೆರೆ ಬಿದ್ದವು. “ಇಲ್ಲೂ ಸುರು ಮಾಡಿದ್ರೇನು?” ಎಂದು ಅವ್ವ ಕಿರುಚಿದಳು. ಅಪ್ಪ ಕಳ್ಳನಂತೆ ತಿರುಗಲಿಲ್ಲ.

“ನನಗಲ್ಲ, ಅವಗ ಬೇಕಾಗ್ಯಾವ,” ಎಂದು ಬೂದಿ ಮೆತ್ತಿದ ಬೆರಳನ್ನೇ ನನ್ನ ಕಡೆ ತೋರಿಸಿದರು. ಅವ್ವನ ಬೈಗುಳವೆಲ್ಲ ಆ ಬೆರಳು ತೋರಿಸಿದತ್ತ ತಿರುಗಿತು.