ಒಬ್ಬ, ಇಲ್ಲವೆ ಮೂವರು

ಮುಂಬಯಿ ಸರಕಾರದ ಕಾಲ. ರೋಣದ ಸಣ್ಣ ಜೈಲಿನಲ್ಲಿ ನಾನು ಕಾರಕೂನ. ಅಲ್ಲಿ ಒಂದು ಕಟ್ಟಳೆಯಿತ್ತು: ಖೋಲಿಯೊಂದರಲ್ಲಿ ಒಬ್ಬ ಕೈದಿ ಇರಬೇಕು, ಇಲ್ಲವೆ ಮೂವರು. ಇಬ್ಬರು ಎಂದಿಗೂ ಕೂಡದು. ಕಾರಣವನ್ನು ಯಾರೂ ಬರೆದಿಟ್ಟಿರಲಿಲ್ಲ. ಕೇಳಿದರೆ ಜಮಾದಾರ ಮೀಸೆಯೊಳಗೇ ನಗುತ್ತಿದ್ದ.

"ಗಂಡಸರು ಇಬ್ಬರ ಇದ್ರ ಆ ಕೆಲಸ ಆಗತೈತ್ರಿ, ರಾಯರ. ಮೂರನೇದವ ಇದ್ರ ಚಾಡಿ ಹೇಳ್ತಾನ."

ಎರಡನೇ ಖೋಲಿಯಲ್ಲಿದ್ದವರು ಗಜೇಂದ್ರಗಡದ ಒಬ್ಬ ನೇಕಾರ, ಹೊಳೆಮಣ್ಣೂರಿನ ಒಬ್ಬ ರೈತ, ಅಸೂಟಿಯ ಒಬ್ಬ ಮುದುಕ. ನೇಕಾರ ಸಂತೆಯಲ್ಲಿ ಹೊಡೆದಾಡಿ ಬಂದವನು. ರೈತ, ಹೊಳೆ ಕೊಚ್ಚಿದ ಬದುವಿನ ಜಗಳದಲ್ಲಿ ದಾಯಾದಿಯ ಕೈ ಮುರಿದವನು. ಇಬ್ಬರೂ ಮೂವತ್ತು ದಾಟಿದವರು. ಮುದುಕನ ಬಿಡುಗಡೆಯಾದ ದಿನವೇ ಅವರಿಬ್ಬರನ್ನು ನಾನು ಬೇರೆ ಮಾಡಬೇಕಿತ್ತು. ಬೇರೆ ಖೋಲಿಯ ಮಾಳಿಗೆ ಸೋರುತ್ತಿತ್ತು, ನಾಳೆ ನೋಡೋಣ ಎಂದುಕೊಂಡೆ.

ಬೆಳಗಿನ ಎಣಿಕೆಗೆ ಹೋದರೆ ಎರಡು ಕಂಬಳಿಗಳಲ್ಲಿ ಒಂದರ ಮಡಿಕೆ ಬಿಚ್ಚಿರುತ್ತಿರಲಿಲ್ಲ. ಯಾರಿಗೆ ಕೆಮ್ಮು, ಯಾರು ಎಷ್ಟು ರೊಟ್ಟಿ ಬಿಟ್ಟರು, ಎಲ್ಲವನ್ನೂ ದಿನವಹಿಯಲ್ಲಿ ಬರೆಯುತ್ತಿದ್ದೆ. ಆ ಕಂಬಳಿಯನ್ನು ಬರೆಯಲಿಲ್ಲ.

ಐದನೆಯ ದಿನ, ಖೋಲಿಯಲ್ಲಿ ಇಬ್ಬರೇ ಇರುವುದು ಜಮಾದಾರನ ಕಣ್ಣಿಗೆ ಬಿತ್ತು. ದೊಡ್ಡ ಜೈಲು ಕಂಡು ಬಂದ ಒಬ್ಬ ದಾಂಡಿಗನನ್ನು ತಂದು ಮೂರನೆಯವನಾಗಿ ನೂಕಿದ. ಎಣಿಕೆ ಸರಿಯಾಯಿತು. ಖೋಲಿಯಲ್ಲಿ ಮಾತು ನಿಂತಿತು.

ಎರಡು ದಿನ ಕಳೆದ ಮೇಲೆ ನೇಕಾರ ಸರಳಿನ ಹತ್ತಿರ ಬಂದ. "ರಾಯರ, ಅವನ್ನ ತಗೀರಿ. ಸಾಹೇಬರಿಗೆ ಹೇಳ್ತೀನಿ ಅಂತ ಹೆದರಿಸ್ತಾನ. ನನ್ನ ರೊಟ್ಟಿ ತಿಂದ, ಕಾಲ ಒತ್ತಿಸ್ಕೊಂಡ. ಮುಂದ ಏನ ಕೇಳ್ತಾನೋ."

"ಎಂಟ ದಿನ ತಡ್ಕೋಪಾ, ನಿನ್ನ ಬಿಡುಗಡಿ ಬಂತು," ಎಂದೆ.

ಮರುದಿನ ದಾಂಡಿಗ ಏನು ಕೇಳಿದನೋ, ನೇಕಾರ ಒಲ್ಲೆನೆಂದ. ಅಂಬಲಿ ಹಂಚುವ ಹೊತ್ತಿಗೆ ಇಬ್ಬರ ಮೇಲೂ ದಾಂಡಿಗನ ಫಿರ್ಯಾದು ಬಂತು.

ಜೈಲಿನ ಸಾಹೇಬರು ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿದರು. ಇಬ್ಬರಿಗೂ ಕಾಲಿಗೆ ಬೇಡಿ, ದೊಡ್ಡ ಜೈಲು, ಅವರವರ ಊರಿಗೊಂದು ನೋಟೀಸು ಎಂದರು. ನೋಟೀಸನ್ನು ಚಾವಡಿಯಲ್ಲಿ ಎಲ್ಲರೆದುರು ಓದುತ್ತಿದ್ದರು. ನೇಕಾರ ಬೇಡಿಗೆ ಅಂಜಲಿಲ್ಲ.

"ಚಾವಡ್ಯಾಗ ಓದಬ್ಯಾಡ್ರಿ ಸಾಹೇಬ್ರ. ಓಣ್ಯಾಗ ನನ್ನ ಹೇಣ್ತಿ ಹ್ಯಾಂಗ ತಲಿ ಎತ್ತಬೇಕ್ರಿ?"

ರೈತ ಒಂದು ಹೆಜ್ಜೆ ಮುಂದೆ ಬಂದ. "ನಾನ ಜುಲುಮಿ ಮಾಡೀನ್ರಿ. ಅವಂದೇನೂ ತಪ್ಪಿಲ್ಲ."

ಸಾಹೇಬರ ಮುಖ ಹಗುರಾಯಿತು. "ಮುಗೀತು. ಒಬ್ಬನ ತಪ್ಪು. ಬರ್ಕೋ."

ಸುಳ್ಳೆಂದು ಗೊತ್ತಿದ್ದೂ ಬರೆದೆ. ಹೌದೆಂದು ಕೆಳಗೆ ನೇಕಾರನ ಹೆಬ್ಬೆಟ್ಟು ಬೇಕಿತ್ತು. ಮಸಿ ಹಚ್ಚಿಕೊಂಡ ಬೆರಳನ್ನು ಕಾಗದಕ್ಕೆ ತಾಗಿಸದೆ ಮೇಲೆಯೇ ಹಿಡಿದು ನಿಂತ.

"ಯಾಕೋ ಸೀರಿ ನೇಯಾಂವ, ಮುಹೂರ್ತ ನೋಡಾಕತ್ತೀಯೇನ?" ಜಮಾದಾರ ಕೆಣಕಿದ.

ರೈತ ನೇಕಾರನತ್ತ ತಿರುಗಲಿಲ್ಲ. "ಒತ್ತಪಾ. ಲಗೂ ಒತ್ತು."

ಒತ್ತಿದ.

ಮಧ್ಯಾಹ್ನ ಕಂಬಾರ ಬಂದು ರೈತನ ಕಾಲಿಗೆ ಬೇಡಿ ಬಡಿದ. "ದೊಡ್ಡ ಜೈಲಿನ್ಯಾಗ ಇಂಥವರಿಗೆ ಬ್ಯಾರೆ ಬಣ್ಣದ ಟೊಪಿಗಿ ಹಾಕ್ತಾರ. ದೂರಿಂದ ಕಾಣಬೇಕಲ್ಲ," ಎಂದ ಜಮಾದಾರ. ಕಂಡವರು ಏನು ಮಾಡುತ್ತಾರೆಂದು ಹೇಳಲಿಲ್ಲ. ಹೊಳೆಮಣ್ಣೂರಿನ ನೋಟೀಸನ್ನು ನಾನೇ ದುಂಡಗೆ ಬರೆದು ಟಪಾಲಿಗೆ ಹಾಕಿದೆ.

ನೇಕಾರನನ್ನು ಒಂಟಿ ಖೋಲಿಯಲ್ಲಿಟ್ಟು, ಹೇಳಿದ ದಿನವೇ ಬಿಟ್ಟೆವು. ಬಾಗಿಲಲ್ಲಿ ಅವನ ಹೆಂಡತಿ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಹೊಸ್ತಿಲು ದಾಟಿದವನು ನನ್ನತ್ತ ತಿರುಗಿದ.

"ರಾಯರ, ಅವನ ಊರಾಗ ಓದಿದ್ರೇನ್ರಿ?"

"ಓದಿರ್ತಾರ."

"ಯಾರ ಊರಾಗ? ಏನ ಓದಿದ್ರು?" ಹೆಂಡತಿ ಕೇಳಿದಳು.

"ಏನಿಲ್ಲ. ನಡಿ," ಎಂದ.