ಭಾವ ಆರಿಸಿದ ಗಾಜಿನ ಕ್ಯಾಬಿನೆಟ್

ಮೈತುಂಬ ಬಣ್ಣದ ಲೈಟು ಹೊತ್ತಿಸಿಕೊಂಡ ಕಂಪ್ಯೂಟರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದು ಕಂಪ್ಯೂಟರಿನ ತಪ್ಪಲ್ಲ. ಅದನ್ನು ನನಗಾಗಿ ಆರಿಸಿದವರು ನನ್ನ ಭಾವ, ಅಂದರೆ ಅಕ್ಕನ ಗಂಡ. ನನ್ನ ಅನ್ನದ ಯಂತ್ರ ಹೇಗಿರಬೇಕು ಎಂಬುದನ್ನು ನನ್ನನ್ನೊಬ್ಬಳನ್ನು ಬಿಟ್ಟು ಬೇರೆ ಯಾರು ಬೇಕಾದರೂ ತೀರ್ಮಾನಿಸಬಹುದು ಎಂದುಕೊಂಡವರು ಅವರು.

ನಾನು ಕಾಪುವಿನಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆಯಲ್ಲಿ ಒಬ್ಬಳೇ ಇರುವವಳು. ಉಡುಪಿಯ ಪ್ರೆಸ್ಸುಗಳಿಗೆ ಮನೆಯಿಂದಲೇ ಪುಟ ವಿನ್ಯಾಸ ಮಾಡಿಕೊಡುತ್ತೇನೆ. ಮದುವೆಯ ಕಾರ್ಡು, ಯಕ್ಷಗಾನದ ಕರಪತ್ರ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಹೀಗೆ ಬಂದದ್ದೆಲ್ಲ. ನಮ್ಮ ಕುಟುಂಬದ ಶುಭಕಾರ್ಯಗಳ ಕಾರ್ಡಂತೂ ಬೇರೆಯವರ ಕೈಗೆ ಹೋದದ್ದೇ ಇಲ್ಲ. ಅಕ್ಕನ ಮಗಳ ನಾಮಕರಣದ ಕಾರ್ಡನ್ನು ಮಾಡಿದವಳು ನಾನು. ಅವಳ ಮದುವೆಯದ್ದನ್ನೂ ನಾನೇ ಮಾಡುವುದೆಂದು ಅವಳು ಲಂಗ ತೊಡುವ ಕಾಲದಿಂದಲೂ ಮಾತಾಗಿತ್ತು.

ಹಳೆಯ ಕಂಪ್ಯೂಟರ್ ಸತ್ತದ್ದು ಒಂದು ದೇವಸ್ಥಾನದ ಸ್ಮರಣ ಸಂಚಿಕೆಯ ಅರ್ಧದಲ್ಲಿ. ಅದಕ್ಕೆ ಮೊದಲೇ ಅದು ಬಹಳ ಸಲ ಮುನಿಸಿಕೊಂಡಿತ್ತು. ರಿಪೇರಿಯವನು ಬಂದು ರ‍್ಯಾಮ್ ಕಿತ್ತು, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಹಲ್ಲು ಉಜ್ಜಿ ಮತ್ತೆ ಸಿಕ್ಕಿಸಿದರೆ ಒಂದಷ್ಟು ದಿನ ಓಡುತ್ತಿತ್ತು. ಕೊನೆಯ ಸಲ ಪವರ್ ಸಪ್ಲೈ ತಾನು ಸುಡುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ತೆರೆದು ನೋಡಿದರೆ ಒಳಗೆ ಸ್ಕ್ರೂಗಳಿಗೆಲ್ಲ ತುಕ್ಕು, ತಾಮ್ರ ಇದ್ದಲ್ಲೆಲ್ಲ ಹಸಿರು ಪುಡಿ. ಸಂಚಿಕೆ ಬೇರೆಯವರ ಪಾಲಾಯಿತು. ಆ ದೇವಸ್ಥಾನದವರು ಮತ್ತೆ ನನ್ನ ಮನೆಯ ಗೇಟು ತೆರೆದಿಲ್ಲ.

ಇನ್ನೊಮ್ಮೆ ಹೀಗಾದರೆ ಉಳಿದವರೂ ಬಿಟ್ಟುಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಕಡಿಮೆಯೆಂದರೂ ಹತ್ತು ವರ್ಷ ಬಾಳುವಂಥದ್ದು ಬೇಕು ಎಂದು ಹಟ ಹಿಡಿದು ಕೂತೆ. ಓದಿದೆ, ಕೇಳಿದೆ, ತಲೆ ಕೆಡಿಸಿಕೊಂಡೆ. ನನ್ನ ಕೆಲಸಕ್ಕೆ ಆಟದ ಹುಡುಗರ ಗ್ರಾಫಿಕ್ಸ್ ಕಾರ್ಡು ಬೇಡ. ಹೆಚ್ಚು ಬಿಸಿಯಾಗದ ಪ್ರೊಸೆಸರ್ ಸಾಕು, ಆಗ ಒಂದೆರಡು ನಿಧಾನದ ಫ್ಯಾನಿನಲ್ಲಿ ಕೆಲಸ ಮುಗಿಯುತ್ತದೆ. ಹಣ ಸುರಿಯಬೇಕಾದದ್ದು ಯಾರ ಕಣ್ಣಿಗೂ ಬೀಳದ ಪವರ್ ಸಪ್ಲೈಗೆ. ಕ್ಯಾಬಿನೆಟ್ಟು ಕಪ್ಪು ತಗಡಿನ ಸಾದಾ ಪೆಟ್ಟಿಗೆಯಾಗಿರಬೇಕು, ಗಾಳಿ ಬರುವಲ್ಲಿ ತೊಳೆದು ಹಾಕುವಂಥ ಜಾಲರಿ ಇರಬೇಕು, ಮುಂದೆ ಒಂದು ಭಾಗ ಹಾಳಾದರೆ ಯಾವ ಅಂಗಡಿಯದ್ದಾದರೂ ತಂದು ಕೂರಿಸುವ ಹಾಗಿರಬೇಕು. ಇಷ್ಟನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಹೊರಡುವ ಹೊತ್ತಿಗೆ ಅಕ್ಕನ ಫೋನು ಬಂತು.

"ಭಾವನನ್ನು ಕೇಳದೆ ತಗೊಳ್ಬೇಡ. ಅವರಿಗೆ ಬೇಸರ ಆಗ್ತದೆ" ಎಂದಳು.

ಭಾವ ಬಹಳ ಕಾಲ ಮಸ್ಕತ್ತಿನಲ್ಲಿದ್ದು, ಈಗ ಕಾರ್ಕಳದಲ್ಲಿ ಮನೆ ಕಟ್ಟಿಸಿಕೊಂಡು ಇರುವವರು. ಅವರು ರಜೆಯಲ್ಲಿ ಬರುವಾಗೆಲ್ಲ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಪ್ ರೆಕಾರ್ಡರ್ ಏನಾದರೊಂದು ನಮ್ಮ ಮನೆಗೂ ಬರುತ್ತಿತ್ತು. ಹಿರಿಯ ಅಳಿಯ ತಂದದ್ದು ಎಂದು ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. ವಯರು ಇರುವ ಯಾವ ವಸ್ತುವಾದರೂ ಭಾವನನ್ನು ಕೇಳಿಯೇ ಕೊಳ್ಳಬೇಕು ಎಂಬ ಕಾನೂನು ಹುಟ್ಟಿಕೊಂಡದ್ದು ಹಾಗೆ. ಆ ಸಾಮಾನುಗಳೆಲ್ಲ ಕಾಪುವಿನ ಗಾಳಿಗೆ ಬೇಗ ಬೇಗ ಕೆಟ್ಟು ಅಟ್ಟ ಸೇರಿದವು. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ಹೋದ ಮೇಲೂ ಕಾನೂನು ಉಳಿಯಿತು.

ಭಾವ ಕಾರು ತಂದರು. ಮಣಿಪಾಲದ ಅಂಗಡಿಗೆ ಹೋದೆವು. ಅಲ್ಲಿ ನಾನು ಕೇಳಿದ ಪ್ರಶ್ನೆಗಳ ಉತ್ತರವೆಲ್ಲ ಭಾವನಿಗೆ ಹೋಗುತ್ತಿತ್ತು. ಪವರ್ ಸಪ್ಲೈಗೆ ಎಷ್ಟು ವರ್ಷದ ವಾರಂಟಿ ಎಂದು ನಾನು ಕೇಳಿದರೆ ಅಂಗಡಿಯವನು ಭಾವನ ಮುಖ ನೋಡಿ, "ವಾರಂಟಿ ಎಲ್ಲ ಉಂಟು ಸಾರ್" ಎನ್ನುತ್ತಿದ್ದ. ನಾನೇನು ಅವರ ಕೈಚೀಲ ಹಿಡಿದುಕೊಂಡು ಬಂದವಳೇ? ಮನೆಯಲ್ಲಿ ತುಳು ಮಾತಾಡುವ ಭಾವ, ಅಂಗಡಿಗೆ ಕಾಲಿಟ್ಟ ಕೂಡಲೇ ಕನ್ನಡಕ್ಕೆ ಹೊರಳಿ ದೊಡ್ಡ ಮನುಷ್ಯರಾಗಿಬಿಟ್ಟಿದ್ದರು. ಅವರ ಕಣ್ಣು ಮೊದಲೇ ಒಂದು ಗಾಜಿನ ಕ್ಯಾಬಿನೆಟ್ಟಿನ ಮೇಲೆ ಬಿದ್ದಿತ್ತು. ಮುಂದೆ, ಹಿಂದೆ, ನೆತ್ತಿಯ ಮೇಲೆ ಫ್ಯಾನು. ಒಂದೊಂದು ಫ್ಯಾನಿಗೂ ಬಣ್ಣ ಬದಲಾಯಿಸುವ ಲೈಟು.

"ಕಂಪ್ಯೂಟರಿಗೆ ಹೀಟ್ ಆಗ್ಬಾರ್ದು ಮಾರಾಯ್ತಿ. ಫ್ಯಾನ್ ಜಾಸ್ತಿ ಇದ್ದಷ್ಟೂ ಒಳ್ಳೇದು" ಎಂದರು.

"ಆ ಫ್ಯಾನು ಒಳಗೆ ಎಳೆಯುವುದು ಕಾಪುವಿನ ಗಾಳಿಯನ್ನು ಭಾವ. ಗಾಳಿಯೊಟ್ಟಿಗೆ ಉಪ್ಪೂ ಹೋಗ್ತದೆ."

"ಮಸ್ಕತ್ತಿನಲ್ಲಿ ಸಮುದ್ರ ಇಲ್ವಾ?"

"ಉಂಟು. ಅಲ್ಲಿ ನೀವು ಕಿಟಕಿ ತೆಗೀತಿದ್ರಾ?"

ವರ್ಷವಿಡೀ ಬಾಗಿಲು ಕಿಟಕಿ ಮುಚ್ಚಿ ಏಸಿಯಲ್ಲಿ ಇದ್ದವರಿಗೆ ಅಲ್ಲಿ ಯಾವ ಯಂತ್ರವೂ ಕೆಡಲಿಲ್ಲ. ಅದನ್ನು ತಮ್ಮ ಆಯ್ಕೆಯ ಹೆಚ್ಚುಗಾರಿಕೆ ಎಂದು ತಿಳಿದುಕೊಂಡು ಅದೇ ಬುದ್ಧಿಯನ್ನು ಹೊತ್ತು ಊರಿಗೆ ಬಂದಿದ್ದರು. ನಾನು ಹೇಳಿದ ಭಾಗಗಳನ್ನೇ ಅಂಗಡಿಯವನಿಂದ ಎರಡು ಸಲ ಹೇಳಿಸಿ, ಮುಂಗಡ ಕೊಟ್ಟು ಬಂದೆ. ಹಿಂದಿರುಗುವ ದಾರಿಯಲ್ಲಿ ಭಾವ ರೇಡಿಯೋ ಹಾಕಿಕೊಂಡರು.

ಜೋಡಿಸಿ ಆಯಿತು ಎಂದು ಫೋನು ಬಂದ ದಿನ ಭಾವ ಮತ್ತೆ ಕಾರು ತಂದರು. ದಾರಿಯುದ್ದಕ್ಕೂ ಅವರು ಖುಷಿಯಲ್ಲಿ ಇದ್ದದ್ದು ಯಾಕೆ ಎಂದು ಅಂಗಡಿ ಹೊಕ್ಕ ಮೇಲೆ ತಿಳಿಯಿತು. ಮೇಜಿನ ಮೇಲೆ ಆ ಗಾಜಿನ ಕ್ಯಾಬಿನೆಟ್ಟು ಬಣ್ಣ ಬಣ್ಣವಾಗಿ ಹೊಳೆಯುತ್ತ ಕೂತಿತ್ತು.

"ಸಾರ್ ಫೋನ್ ಮಾಡಿ ಚೇಂಜ್ ಮಾಡ್ಲಿಕ್ಕೆ ಹೇಳಿದ್ರಲ್ವಾ ಮೇಡಂ. ರೇಟ್ ಜಾಸ್ತಿ ಆಗದ ಹಾಗೆ ಪವರ್ ಸಪ್ಲೈ ಮಾತ್ರ ಬೇರೆ ಹಾಕಿದ್ದು" ಎಂದ ಅಂಗಡಿಯವನು.

ನಾನು ಯಾವುದಕ್ಕೆ ಹಣ ಇಟ್ಟಿದ್ದೆನೋ ಅದನ್ನೇ ಕಿತ್ತು ಲೈಟಿಗೆ ಹಾಕಿದ್ದರು. ಭಾವ ಪಕ್ಕದಲ್ಲಿ ನಿಂತು, "ನೋಡು, ಈಗ ಒಂದು ಲಕ್ಷಣ ಬಂತು" ಎಂದರು. ಅವರ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ಅದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಏರಿತು.

"ಇದನ್ನು ಬಿಚ್ಚಿ. ನಾನು ಹೇಳಿದ್ದನ್ನು ಹಾಕಿ. ಆಗುವವರೆಗೆ ನಾನು ಇಲ್ಲೇ ಕೂತುಕೊಳ್ತೇನೆ" ಎಂದು ಅಂಗಡಿಯವನಿಗೆ ಹೇಳಿದೆ. ಅವನು ಅಭ್ಯಾಸ ಬಲದಿಂದ ಭಾವನ ಕಡೆ ನೋಡಿದ. ನಾನು ದನಿ ಏರಿಸಿದೆ. "ಅವರನ್ನು ಎಂತ ನೋಡುವುದು? ಅವರು ತಂದ ಒಂದೇ ಒಂದು ಸಾಮಾನು ನಮ್ಮ ಮನೆಯಲ್ಲಿ ಬಾಳಿಲ್ಲ. ಎಲ್ಲ ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದುಕೊಂಡಿದೆ."

ಅಂಗಡಿಯಲ್ಲಿ ಕಾಲೇಜಿನ ಹುಡುಗರು ಇದ್ದರು. ಅವರಲ್ಲಿ ಯಾರೋ ನಕ್ಕರು. ಭಾವ ಕಾರಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ ಹೊರಗೆ ನಡೆದರು. ಯಂತ್ರ ನನ್ನ ಮನಸ್ಸಿನ ಹಾಗೆ ಆಗಿ, ನಾನು ಪೆಟ್ಟಿಗೆ ಹಿಡಿದು ಹೊರಗೆ ಬರುವಾಗ ಕಾರು ಇರಲಿಲ್ಲ. ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಇನ್ನೊಂದು. ಕಂಡಕ್ಟರ್ ಪೆಟ್ಟಿಗೆಯನ್ನು ಡ್ರೈವರಿನ ಹಿಂದೆ ಇಡಲು ಹೇಳಿದ. ನಾನು ಕೊಡಲಿಲ್ಲ. ಮಡಿಲಿನಲ್ಲಿ ಇಟ್ಟುಕೊಂಡೇ ಬಂದೆ.

ಸಂಜೆ ಅಕ್ಕ ಫೋನಿನಲ್ಲಿ ಅತ್ತಳು. "ನಾಲ್ಕು ಜನರ ಎದುರು ಅವರ ಮರ್ಯಾದೆ ತೆಗೆದುಬಿಟ್ಟೆ. ಒಂದು ಫೋನ್ ಮಾಡಿ ತಪ್ಪಾಯ್ತು ಅಂತ ಹೇಳು, ಸಾಕು" ಎಂದಳು.

"ಎಂತ ತಪ್ಪಾಯ್ತು ಅಂತ ನೀನು ಹೇಳು. ಮತ್ತೆ ಫೋನ್ ಮಾಡ್ತೇನೆ" ಎಂದೆ. ಅಕ್ಕ ಫೋನು ಇಟ್ಟಳು. ನಾನು ಫೋನು ಮಾಡಲಿಲ್ಲ. ಇವತ್ತು ಕೇಳಿದರೂ ಮಾಡುವುದಿಲ್ಲ.

ಕಂಪ್ಯೂಟರನ್ನು ಸಮುದ್ರದ ಕಡೆಯ ಕೋಣೆಯಲ್ಲಿ ಇಡದೆ ಒಳಗಿನ ಕೋಣೆಯಲ್ಲಿ ಇಟ್ಟೆ. ಜಾಲರಿ ತೊಳೆಯುತ್ತ ಬಂದೆ. ಎರಡು ಮಳೆಗಾಲ ಕಳೆದರೂ ಅದು ಒಮ್ಮೆಯೂ ರಬ್ಬರ್ ಕೇಳಲಿಲ್ಲ. ಅಷ್ಟರಲ್ಲಿ ಅಕ್ಕನ ಮಗಳಿಗೆ ಮದುವೆ ನಿಶ್ಚಯವಾಯಿತು ಎಂಬ ಸುದ್ದಿ ಬಂತು. ಯಾರೂ ಕಾರ್ಡಿನ ವಿಷಯ ಎತ್ತಲಿಲ್ಲ. ಎತ್ತುತ್ತಾರೆ ಎಂದುಕೊಂಡು ನಾನು ಕೆಲಸ ಶುರು ಮಾಡಿದೆ. ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರದ ಮಲ್ಲಿಗೆಯ ಅಟ್ಟಿಯೊಂದನ್ನು ತಂದು ಮೇಜಿನ ಮೇಲಿಟ್ಟುಕೊಂಡು, ಅದನ್ನು ನೋಡಿ ಒಂದೊಂದೇ ಮೊಗ್ಗಿನ ಚಿತ್ರ ಬಿಡಿಸಿ ಕಾರ್ಡಿನ ಅಂಚು ಮಾಡಿದೆ. ಹೆಸರುಗಳನ್ನೆಲ್ಲ ಕೂರಿಸಿದೆ. ಭಾವನ ಹೆಸರನ್ನು ಇರಬೇಕಾದ ಜಾಗದಲ್ಲಿ, ಇರಬೇಕಾದ ದಪ್ಪ ಅಕ್ಷರದಲ್ಲಿಯೇ ಇಟ್ಟೆ. ಮುಹೂರ್ತದ ಜಾಗ ಮಾತ್ರ ಖಾಲಿ ಬಿಟ್ಟೆ, ಅದನ್ನು ಅಕ್ಕ ಹೇಳಬೇಕಿತ್ತು.

ಒಂದು ಬೆಳಿಗ್ಗೆ ಅಕ್ಕ, ಭಾವ ಇಬ್ಬರೂ ಬಂದರು. ಕಾರಿನ ಸದ್ದು ಕೇಳಿ ನಾನು ಮಾನಿಟರ್ ಆರಿಸಿದೆ. ಅಕ್ಕ ನನ್ನ ಕೈಗೆ ಕುಂಕುಮ ಹಚ್ಚಿದ ಕಾರ್ಡು ಕೊಟ್ಟಳು. ಅಚ್ಚಾದದ್ದು.

"ಕಡಿಯಾಳಿಯಲ್ಲಿ ದೇವರ ಎದುರು ಇಟ್ಟು ಸೀದಾ ಇಲ್ಲಿಗೇ ಬಂದದ್ದು. ಮೊದಲನೇದು ನಿನಗೆ" ಎಂದಳು. ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಕೈಯಲ್ಲಿ ಕೊಟ್ಟು ಕರೆಯುವುದು ನಮ್ಮಲ್ಲಿ ದೊಡ್ಡ ಮರ್ಯಾದೆ. ಅವರು ಅದರಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಭಾವ ಒಳಕೋಣೆಯ ಕಡೆ ಕತ್ತು ಚಾಚಿ ನೋಡಿದರು.

"ಅದೇ ಕಂಪ್ಯೂಟರ್ ಉಂಟಾ?"

"ಉಂಟು."

"ತೊಂದರೆ ಎಂತ ಇಲ್ವಾ?"

"ಎಂತದೂ ಇಲ್ಲ."

"ಒಳ್ಳೇದಾಯ್ತು" ಎಂದು ಅವರು ಕುರ್ಚಿಗೆ ಒರಗಿದರು. "ಕಾರ್ಡು ಉಡುಪಿಯಲ್ಲಿ ಮಾಡಿಸಿದ್ದು. ಅವರಲ್ಲಿ ಎಲ್ಲ ಹೊಸ ಮೆಷಿನ್. ನಿನಗೆ ಸುಮ್ಮನೆ ಯಾಕೆ ತೊಂದರೆ ಕೊಡುವುದು, ಅಲ್ವಾ?"

ನಾನು ಚಾ ಮಾಡಿ ಕೊಟ್ಟೆ. ಇಬ್ಬರೂ ಕುಡಿದರು. ಅಕ್ಕ ಹೊರಡುವಾಗ ನನ್ನ ಕೈ ಹಿಡಿದಳು, ನಾನು ಬಿಡಿಸಿಕೊಂಡೆ. ಅವರ ಕಾರು ತಿರುವು ದಾಟಿದ ಮೇಲೆ ಒಳಗೆ ಹೋಗಿ ಮಾನಿಟರ್ ಹಾಕಿದೆ. ಮಲ್ಲಿಗೆಯ ಅಂಚಿನ ನಡುವೆ ಎಲ್ಲರ ಹೆಸರೂ ಇತ್ತು, ಮುಹೂರ್ತ ಇರಲಿಲ್ಲ. ಅವರು ಕೊಟ್ಟ ಕಾರ್ಡನ್ನು ನೋಡಿ ತಾರೀಕು, ಲಗ್ನ, ಗಳಿಗೆ ಎಲ್ಲವನ್ನೂ ಟೈಪ್ ಮಾಡಿ ಫೈಲನ್ನು ಮುಗಿಸಿದೆ. ಅಳಿಸಲಿಲ್ಲ. ಈ ಯಂತ್ರ ಹತ್ತು ವರ್ಷ ಬಾಳಲಿ ಎಂದೇ ನಾನು ಒಂದೊಂದು ಭಾಗವನ್ನೂ ಆರಿಸಿದ್ದು. ಅಷ್ಟೂ ವರ್ಷ ಆ ಕಾರ್ಡು ಅದರೊಳಗೇ ಇರಲಿ.